ಓದುಗರು ನಿಮ್ಮ ಬರಹ ಶೇರ್ ಮಾಡಬೇಕೆ? ಮೊದಲು ಅವರ ಕೆಲಸ ಹಗುರ ಮಾಡಿ

“ಓದಿದವರೆಲ್ಲ ಚೆನ್ನಾಗಿದೆ ಅಂತಾರೆ, ಆದರೆ ಒಬ್ಬರೂ ಶೇರ್ ಮಾಡಲ್ಲ. ಏನು ಮಾಡಲಿ?” ಕನ್ನಡದಲ್ಲಿ ಬರೆದು ನೆಟ್‌ಗೆ ಹಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಡುಗೆ ಬರೆಯುವವರು, ಕೃಷಿ ಬರೆಯುವವರು, ಕತೆಗಾರರು, ಎಲ್ಲರದೂ ಇದೇ ದೂರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಇಲ್ಲೇ ಪೂರ್ತಿ ಬರೆದಿದ್ದೇನೆ.

ಶೇರ್ ಮಾಡಿಸಲು ಓದುಗರ ಮನವೊಲಿಸಬೇಕು ಅಂತ ಹೆಚ್ಚಿನವರು ನಂಬಿದ್ದಾರೆ. ಅದಕ್ಕೇ ಕೊನೆಯಲ್ಲಿ “ದಯವಿಟ್ಟು ಶೇರ್ ಮಾಡಿ” ಅಂತ ಕೈಮುಗಿಯುವ ಇಮೋಜಿಗಳನ್ನು ಸುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಓದುಗರಿಗೆ ಮನಸ್ಸು ಇದ್ದೇ ಇರುತ್ತದೆ, ಅವರನ್ನು ತಡೆಯುವುದು ಮುಜುಗರ. ಮನೆಯವರ ಗ್ರೂಪಿಗೆ ಹಾಕಿದ ಲಿಂಕ್ ತೆರೆಯದಿದ್ದರೆ, ತೆರೆದಾಗ ಜಾಹೀರಾತು ಮುಖಕ್ಕೆ ಹಾರಿದರೆ, “ಏನು ಕಳಿಸ್ತೀಯಪ್ಪ ನೀನು” ಅಂತ ಕೇಳಿಸಿಕೊಳ್ಳುವವರು ಅವರು, ನೀವಲ್ಲ. ಆದ್ದರಿಂದ ಶೇರ್ ಮಾಡುವವರ ಮರ್ಯಾದೆ ಉಳಿಸಿ, ಕೆಲಸ ಕಡಿಮೆ ಮಾಡಿ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಹಿಡಿದುಕೊಳ್ಳೋಣ. ನೀವು ಪೌತಿ ಖಾತೆ ಬಗ್ಗೆ ಬರೆದಿದ್ದೀರಿ ಅಂದುಕೊಳ್ಳಿ. ಅಂದರೆ ಜಮೀನಿನ ಮಾಲೀಕರು ತೀರಿಕೊಂಡ ಮೇಲೆ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕೆಲಸ. ಉಪಯುಕ್ತ ವಿಷಯ, ಹಳ್ಳಿಯಲ್ಲಿ ಜಮೀನು ಇರುವ ಪ್ರತಿ ಮನೆಗೂ ಒಂದಲ್ಲ ಒಂದು ದಿನ ಬೇಕಾಗುವಂಥದ್ದು. ಆದರೂ ಅದು ನಿಮ್ಮ ಪುಟದಲ್ಲೇ ಕೂತಿದೆ.

ಬೇಕಾಗುವುದು ಇಷ್ಟೆ: ನಿಮ್ಮ ಫೋನ್, ಇನ್ನೊಬ್ಬರ ಫೋನ್ (ಪರೀಕ್ಷೆಗೆ, ಹಳೆಯದಾದಷ್ಟೂ ಒಳ್ಳೆಯದು), ನಿಮ್ಮ ತಾಣದ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್, ಚಿತ್ರ ಮಾಡಲು ಕ್ಯಾನ್ವಾದಂಥ ಯಾವುದಾದರೂ ಆ್ಯಪ್. ದುಡ್ಡು ಬೇಡ.

ಹಂತ 1: ಅಕ್ಷರ ಸರಿಯಾಗಿದೆಯಾ ನೋಡಿ

ಇದು ಹಳೆಯ ಲೇಖನ ಇಟ್ಟುಕೊಂಡವರಿಗೆ ಮಾತ್ರ, ಉಳಿದವರು ಮುಂದೆ ಹೋಗಿ. “ನುಡಿ” ಅಥವಾ “ಬರಹ” ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸಲೇಬೇಕು. ಯೂನಿಕೋಡ್ ಅಂದರೆ ಎಲ್ಲ ಸಾಧನಗಳಿಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತ. ಬದಲಾಯಿಸುವ ಸೌಲಭ್ಯ ನುಡಿ, ಬರಹ ತಂತ್ರಾಂಶಗಳಲ್ಲೇ ಸಿಗುತ್ತದೆ. ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳು, ತಪ್ಪು ನುಸುಳುವುದು ಈ ಮೂರು ಕಡೆಯೇ.

ಹಂತ 2: ಲಿಂಕ್ ಚಿಕ್ಕದಾಗಿರಲಿ, ಕನ್ನಡದಲ್ಲಿ ಬೇಡ

ಕನ್ನಡ ಅಭಿಮಾನಿಗಳು ಕೋಪ ಮಾಡಿಕೊಳ್ಳಬೇಡಿ. ಲಿಂಕಿನಲ್ಲಿ ಕನ್ನಡ ಅಕ್ಷರ ಇದ್ದರೆ ಕಾಪಿ ಮಾಡಿದಾಗ ಪ್ರತಿ ಅಕ್ಷರ ಭಾಗವೂ ಶೇಕಡಾ ಚಿಹ್ನೆ, ಅಂಕಿ, ರೋಮನ್ ಅಕ್ಷರ ಸೇರಿದ 9 ಗುರುತುಗಳಾಗಿ ಒಡೆಯುತ್ತದೆ. “ಕನ್ನಡ” ಅನ್ನುವ ಚಿಕ್ಕ ಪದದಲ್ಲಿ ಒತ್ತು ಸೇರಿ 5 ಭಾಗಗಳಿವೆ, ಅದೇ 45 ಗುರುತಾಗುತ್ತದೆ. ಇನ್ನು ಪೂರ್ತಿ ಶೀರ್ಷಿಕೆ ಲಿಂಕಿನಲ್ಲಿದ್ದರೆ ವಾಟ್ಸಾಪ್‌ನಲ್ಲಿ ಅರ್ಧ ಪರದೆ ತುಂಬುತ್ತದೆ. ನೋಡಿದವರು ವೈರಸ್ ಅಂದುಕೊಂಡು ಮುಟ್ಟುವುದೇ ಇಲ್ಲ.

ವರ್ಡ್‌ಪ್ರೆಸ್‌ನಲ್ಲಿ ಪ್ರಕಟಿಸುವ ಮೊದಲು “ಸ್ಲಗ್” ಅನ್ನುವ ಜಾಗ ಹುಡುಕಿ. ಲಿಂಕಿನ ಕೊನೆಯ ತುಂಡಿಗೆ ಸ್ಲಗ್ ಅನ್ನುತ್ತಾರೆ. ಅಲ್ಲಿ ಪೌತಿ ಖಾತೆ ಅಂತ ರೋಮನ್ ಅಕ್ಷರದಲ್ಲಿ, ನಡುವೆ ಅಡ್ಡಗೆರೆ ಇಟ್ಟು ಬರೆದರೆ ಸಾಕು. ಗೂಗಲ್‌ನ ಬ್ಲಾಗರ್ ತಾಣ ಬಳಸುವವರಿಗೆ ಇನ್ನೊಂದು ತೊಂದರೆ ಇದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದು ತಾನೇ “ಬ್ಲಾಗ್-ಪೋಸ್ಟ್” ಅಂತ ಲಿಂಕ್ ಮಾಡಿ, ಹಿಂದೆ ಒಂದು ಅಂಕಿ ಸೇರಿಸಿಬಿಡುತ್ತದೆ. ವಿಷಯ ಏನು ಅಂತ ಲಿಂಕ್ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಬಲಬದಿಯ “ಪರ್ಮಾಲಿಂಕ್” ಭಾಗದಲ್ಲಿ “ಕಸ್ಟಮ್” ಆರಿಸಿ ನೀವೇ ಬರೆಯಿರಿ.

ಎಚ್ಚರಿಕೆ: ಇದನ್ನೆಲ್ಲ ಪ್ರಕಟಿಸುವ ಮೊದಲೇ ಮಾಡಬೇಕು. ಈಗಾಗಲೇ ನಾಲ್ಕು ಕಡೆ ಓಡಾಡಿದ ಲಿಂಕನ್ನು ಸುಮ್ನೆ ಅಂದಗಾಣಿಸಲು ಹೋದರೆ, ಹಳೆಯ ಶೇರ್‌ಗಳು ಖಾಲಿ ಪುಟಕ್ಕೆ ಹೋಗುವ ಅಪಾಯ ಇದೆ.

ಹಂತ 3: ಪ್ರಿವ್ಯೂ ಸರಿಮಾಡಿ

ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಡುವ ಹಂತ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ವಾಟ್ಸಾಪ್‌ಗೆ ಲಿಂಕ್ ಅಂಟಿಸಿದ ತಕ್ಷಣ ಮೇಲೆ ಒಂದು ಪೆಟ್ಟಿಗೆ ಮೂಡುತ್ತದೆ ಅಲ್ವಾ? ಚಿತ್ರ, ಶೀರ್ಷಿಕೆ, ಒಂದು ಸಾಲಿನ ವಿವರ. ಅದೇ ಪ್ರಿವ್ಯೂ. ಅದಕ್ಕೆ ಬೇಕಾದ ಮಾಹಿತಿ ಬರುವುದು ನಿಮ್ಮ ಪುಟದೊಳಗೆ ಅಡಗಿರುವ “ಓಪನ್ ಗ್ರಾಫ್” ಗುರುತುಗಳಿಂದ. 2010ರಲ್ಲಿ ಫೇಸ್‌ಬುಕ್ ತಂದ ಪದ್ಧತಿ ಇದು, ಈಗ ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್ ಎಲ್ಲವೂ ಇದನ್ನೇ ಓದುತ್ತವೆ. ನೀವು ಇದನ್ನು ತುಂಬದಿದ್ದರೆ ಅವು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತವೆ. ಕೆಲವು ಸಲ ನಿಮ್ಮ ತಾಣದ ಲೋಗೊ, ಕೆಲವು ಸಲ ಪಕ್ಕದ ಜಾಹೀರಾತಿನ ಚಿತ್ರ. ಪೌತಿ ಖಾತೆ ಲೇಖನಕ್ಕೆ ಕೂದಲೆಣ್ಣೆ ಚಿತ್ರ ಬಂದರೆ ಯಾರು ಕಳಿಸುತ್ತಾರೆ?

ವರ್ಡ್‌ಪ್ರೆಸ್‌ನಲ್ಲಿ ಯೋಸ್ಟ್‌ನಂಥ ಪ್ಲಗಿನ್ ಹಾಕಿಕೊಂಡರೆ “ಸೋಷಿಯಲ್” ಅನ್ನುವ ಭಾಗದಲ್ಲಿ ಚಿತ್ರ, ಶೀರ್ಷಿಕೆ, ವಿವರ ಮೂರನ್ನೂ ತುಂಬಬಹುದು. ಪ್ಲಗಿನ್ ಅಂದರೆ ತಾಣಕ್ಕೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ. ಬ್ಲಾಗರ್‌ನಲ್ಲಿ “ಸರ್ಚ್ ಡಿಸ್ಕ್ರಿಪ್ಷನ್” ಜಾಗ ತುಂಬಿ, ಲೇಖನದ ಮೊದಲ ಚಿತ್ರ ಒಳ್ಳೆಯದಿರುವಂತೆ ನೋಡಿಕೊಳ್ಳಿ.

ಚಿತ್ರದ ಅಳತೆ 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರ ಇರಲಿ. ತೂಕ 300 ಕೆಬಿ ಒಳಗಿದ್ದರೆ ಚಿಂತೆಯಿಲ್ಲ, ತುಂಬಾ ಭಾರವಾದರೆ ವಾಟ್ಸಾಪ್ ಚಿತ್ರವನ್ನೇ ಬಿಟ್ಟುಬಿಡುತ್ತದೆ. ಕೆಲವು ಫೋನುಗಳಲ್ಲಿ ಪ್ರಿವ್ಯೂ ಚಿಕ್ಕ ಚೌಕವಾಗಿ ಬರುತ್ತದೆ, ಆಗ ಎರಡೂ ಬದಿ ಕತ್ತರಿಸಿ ಹೋಗುತ್ತದೆ. ಹಾಗಾಗಿ ಮುಖ್ಯವಾದದ್ದು ಚಿತ್ರದ ನಡುವೆ ಇರಲಿ.

ಚಿತ್ರದ ಮೇಲೆ ಕನ್ನಡ ಬರೆಯುವುದಾದರೆ ನಾಲ್ಕೈದು ಪದ ಸಾಕು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಎರಡು ಸಾಲು ಬರೆದರೆ ನಡುವಿನ ಅಂತರ ಹೆಚ್ಚಿಸಿ. ಇಂಗ್ಲಿಷಿಗೆ ಸರಿಹೋಗುವ ಅಂತರ ನಮ್ಮ ಒತ್ತಕ್ಷರಗಳಿಗೆ ಸಾಲದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಫೋಟೋಶಾಪ್ ಬಳಸುವವರಿಗೆ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಗಾಬರಿ ಬೇಡ. ಟೈಪ್ ಸೆಟ್ಟಿಂಗ್ಸ್‌ನಲ್ಲಿ “ವರ್ಲ್ಡ್ ರೆಡಿ” ಆಯ್ಕೆ ಮಾಡಿದರೆ ಕೂಡಿಕೊಳ್ಳುತ್ತವೆ.

ಇಲ್ಲಿ ಎಲ್ಲರೂ ಮುಗ್ಗರಿಸುವುದು ಒಂದೇ ಕಡೆ. ಪ್ರಿವ್ಯೂ ಸರಿಮಾಡಿದ ಮೇಲೂ ಹಳೆಯ ಚಿತ್ರವೇ ಬರುತ್ತದೆ. ಕಾರಣ, ಫೇಸ್‌ಬುಕ್ ಹಳೆಯದನ್ನು ತನ್ನಲ್ಲಿ ಉಳಿಸಿಕೊಂಡಿರುತ್ತದೆ. ಅದರದೇ “ಶೇರಿಂಗ್ ಡಿಬಗ್ಗರ್” ಅನ್ನುವ ಪುಟ ಇದೆ, ಗೂಗಲ್ ಮಾಡಿದರೆ ಸಿಗುತ್ತದೆ. ಅಲ್ಲಿ ಲಿಂಕ್ ಹಾಕಿ “ಸ್ಕ್ರೇಪ್ ಅಗೇನ್” ಒತ್ತಿ. ವಾಟ್ಸಾಪ್‌ನದು ಬೇರೆ ರೀತಿ, ಅಲ್ಲಿ ಪ್ರಿವ್ಯೂ ತಯಾರಾಗುವುದು ಕಳಿಸುವವರ ಫೋನಿನಲ್ಲೇ. ಆದ್ದರಿಂದ ಲಿಂಕ್ ಅಂಟಿಸಿದ ಮರುಕ್ಷಣವೇ ಸೆಂಡ್ ಒತ್ತಿದರೆ ಬರಿಯ ನೀಲಿ ಸಾಲು ಹೋಗುತ್ತದೆ. ಪೆಟ್ಟಿಗೆ ಮೂಡುವವರೆಗೆ ಒಂದೆರಡು ಸೆಕೆಂಡ್ ಕಾಯಬೇಕು. ಗೆಳೆಯರಿಗೆ ಈ ಮಾತು ಹೇಳಿಕೊಡಿ, ಬಹಳ ಜನಕ್ಕೆ ಗೊತ್ತಿಲ್ಲ.

ಹಂತ 4: ಶೀರ್ಷಿಕೆಯನ್ನು ಕಳಿಸುವವರ ಬಾಯಿಂದ ಓದಿ

“ಪೌತಿ ಖಾತೆ: ಒಂದು ಅವಲೋಕನ.” ಇಂಥ ಶೀರ್ಷಿಕೆಗಳ ಮೇಲೆ ನಮ್ಮವರಿಗೆ ಏನು ಪ್ರೀತಿಯೋ! ವಿಚಾರ ಸಂಕಿರಣಕ್ಕೆ ಸರಿ. ಆದರೆ ತಂಗಿಗೆ ಕಳಿಸುವ ಅಣ್ಣನಿಗೆ ಇದರಿಂದ ಏನೂ ಹೇಳಿದಂತಾಗುವುದಿಲ್ಲ. “ಅಪ್ಪನ ಹೆಸರಿನ ಪಹಣಿ ಮಕ್ಕಳ ಹೆಸರಿಗೆ: ಪೌತಿ ಖಾತೆ ಮಾಡಿಸುವ ಕ್ರಮ” ಅಂತಿದ್ದರೆ ಅವನು ಬೇರೇನೂ ಬರೆಯಬೇಕಾಗಿಲ್ಲ, ಶೀರ್ಷಿಕೆಯೇ ಅವನ ಮಾತಾಗುತ್ತದೆ.

ಇನ್ನೊಂದು ತುದಿಗೂ ಹೋಗಬೇಡಿ. “ಶಾಕಿಂಗ್!”, “ನೀವು ನಂಬೋದೇ ಇಲ್ಲ!” ಅಂದರೆ ಜನ ಒತ್ತುತ್ತಾರೆ, ನಿಜ. ಆದರೆ ಒತ್ತುವುದಕ್ಕೂ ಕಳಿಸುವುದಕ್ಕೂ ವ್ಯತ್ಯಾಸ ಇದೆ. ಅಂಥದ್ದನ್ನು ತನ್ನ ಹೆಸರಲ್ಲಿ ಮಾವನವರ ಗ್ರೂಪಿಗೆ ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಪ್ರಿವ್ಯೂನಲ್ಲಿ ಶೀರ್ಷಿಕೆ ಎರಡು ಸಾಲಿಗೆ ಕತ್ತರಿಸುತ್ತದೆ, ಮುಖ್ಯ ಪದ ಮೊದಲೇ ಬರಲಿ.

ಶೀರ್ಷಿಕೆಯ ಕೆಳಗೆ ದಿನಾಂಕ ಹಾಕಿ. ನಿಯಮ, ಶುಲ್ಕ, ಯೋಜನೆ ಬಗ್ಗೆ ಬರೆದಿದ್ದರೆ “ಕೊನೆಯ ಬಾರಿ ತಿದ್ದಿದ್ದು” ಅಂತಲೂ ಸೇರಿಸಿ. ಎಷ್ಟೋ ಹಳೆಯ ಸುದ್ದಿ ಹೊಸದಾಗಿ ಸುತ್ತುವುದನ್ನು ಕಂಡ ಜನ ಈಗ ದಿನಾಂಕ ನೋಡುತ್ತಾರೆ.

ಹಂತ 5: ಬಟನ್‌ಗಳನ್ನು ಕಡಿಮೆ ಮಾಡಿ

ಹತ್ತು ಬಣ್ಣದ ಹತ್ತು ಬಟನ್ ಸಾಲಾಗಿ ನಿಲ್ಲಿಸಿದ್ದೀರಾ? ತೆಗೆಯಿರಿ. ವಾಟ್ಸಾಪ್, ಫೇಸ್‌ಬುಕ್, “ಲಿಂಕ್ ಕಾಪಿ”, ಮೂರು ಸಾಕು. ಕನ್ನಡ ಓದುಗರಲ್ಲಿ ಬಹುಪಾಲು ಶೇರ್ ವಾಟ್ಸಾಪ್‌ನಲ್ಲೇ ಆಗುತ್ತದೆ ಅನ್ನುವುದು ನನ್ನ ಅನುಭವ, ಅದು ಮೊದಲು ಬರಲಿ.

ವಾಟ್ಸಾಪ್ ಬಟನ್‌ನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ಲಿಂಕಿನ ಜೊತೆಗೆ ಒಂದು ಸಾಲನ್ನೂ ಮೊದಲೇ ತುಂಬಿಡಬಹುದು. ಹೆಚ್ಚಿನ ಶೇರ್ ಪ್ಲಗಿನ್‌ಗಳಲ್ಲಿ “ಮೆಸೇಜ್” ಅಥವಾ “ಟೆಕ್ಸ್ಟ್” ಅಂತ ಒಂದು ಜಾಗ ಇರುತ್ತದೆ. ಅಲ್ಲಿ “ಪೌತಿ ಖಾತೆಗೆ ಯಾವ ದಾಖಲೆ ಬೇಕು, ಯಾರನ್ನು ಕಾಣಬೇಕು ಅಂತ ಇದರಲ್ಲಿದೆ” ಅಂತ ಬರೆದಿಡಿ. ಓದುಗರು ಬೇಕಿದ್ದರೆ ತಿದ್ದಿಕೊಳ್ಳುತ್ತಾರೆ. ಹೀಗೆ ಹೋದದ್ದು ಹೊಸ ಮೆಸೇಜ್, ಫಾರ್ವರ್ಡ್ ಅಲ್ಲ. ಈ ವ್ಯತ್ಯಾಸ ದೊಡ್ಡದು. ಫಾರ್ವರ್ಡ್ ಮಾಡಿದ್ದನ್ನು ಒಂದು ಸಲಕ್ಕೆ 5 ಚಾಟ್‌ಗಳಿಗಿಂತ ಹೆಚ್ಚು ಕಡೆ ಕಳಿಸಲಾಗುವುದಿಲ್ಲ. ಬಹಳ ಸಲ ಫಾರ್ವರ್ಡ್ ಆದದ್ದಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ, ಆಮೇಲೆ ಒಂದು ಸಲಕ್ಕೆ ಒಂದೇ ಚಾಟ್. ಸುಳ್ಳು ಸುದ್ದಿ ತಡೆಯಲು 2018ರಿಂದ 2020ರ ನಡುವೆ ವಾಟ್ಸಾಪ್ ತಂದ ಮಿತಿಗಳು ಇವು, ಒಳ್ಳೆಯದೇ ಆಯಿತು. ಜೋಡಿ ಬಾಣ ಕಂಡರೆ ಜನ ಓದದೇ ಕೆಳಗೆ ಸರಿಸುತ್ತಾರೆ. ಪರಿಚಯದವರು ತಾವೇ ಒಂದು ಸಾಲು ಬರೆದು ಕಳಿಸಿದರೆ ಓದುತ್ತಾರೆ.

“0 ಶೇರ್” ಅಂತ ತೋರಿಸುವ ಎಣಿಕೆ ಯಂತ್ರವನ್ನು ಇವತ್ತೇ ಕಿತ್ತುಹಾಕಿ. ಖಾಲಿ ಹೋಟೆಲಿಗೆ ಯಾರೂ ಒಳಗೆ ಬರುವುದಿಲ್ಲ.

ಹಂತ 6: ಕೇಳಿ, ಆದರೆ ಒಂದೇ ಸಲ, ಒಬ್ಬರಿಗಾಗಿ

“ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ.” ನಾಲ್ಕು ಕೆಲಸ ಹೇಳಿದರೆ ಓದುಗರು ಒಂದನ್ನೂ ಮಾಡುವುದಿಲ್ಲ. ಶೇರ್ ಬೇಕೆಂದರೆ ಶೇರ್ ಮಾತ್ರ ಕೇಳಿ.

“ಎಲ್ಲರಿಗೂ ಶೇರ್ ಮಾಡಿ” ಅನ್ನುವುದಂತೂ ನಿಷ್ಪ್ರಯೋಜಕ. ಎಲ್ಲರಿಗೂ ಅಂದರೆ ಯಾರಿಗೂ ಅಲ್ಲ. ಓದುಗರ ಕಣ್ಣ ಮುಂದೆ ಒಂದು ಮುಖ ಬರುವಂತೆ ಕೇಳಬೇಕು. ನೋಡಿ:

“ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರದಾದರೂ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆಯಾ? ಅವರಿಗೆ ಇದನ್ನು ಕಳಿಸಿ.”

ಇದನ್ನು ಓದಿದ ಕೂಡಲೇ ಯಾರೋ ಒಬ್ಬರು ನೆನಪಾಗುತ್ತಾರೆ. ಅಡುಗೆ ಬರಹವಾದರೆ “ಈ ವರ್ಷ ಮೊದಲ ಸಲ ಹಲಸಿನ ಹಪ್ಪಳ ಮಾಡುವವರಿಗೆ”. ಕತೆಯಾದರೆ ಇಷ್ಟು ನೇರವಾಗಿ ಹೇಳಲಾಗದು. ಕತೆಗೆ ಕೇಳದೇ ಇರುವುದೇ ಮೇಲು, ಮುಗಿದ ಮೇಲಿನ ಮೌನವನ್ನು ಬಟನ್‌ನಿಂದ ಕೆಡಿಸಬೇಡಿ. ಒಂದೊಳ್ಳೆಯ ಪ್ಯಾರಾವನ್ನು ಚಿತ್ರವಾಗಿ ಮಾಡಿಟ್ಟರೆ ಇಷ್ಟಪಟ್ಟವರು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾರೆ.

ಜಾಗವೂ ಮುಖ್ಯ. ಓದುವ ಮೊದಲೇ ಶೇರ್ ಕೇಳುವ ಪಾಪ್‌ಅಪ್ ಅಸಭ್ಯತೆ. ಉಪಯೋಗದ ವಿಷಯ ಮುಗಿದ ಕೂಡಲೇ, ಅಂದರೆ ಬೇಕಾದ ದಾಖಲೆಗಳ ಪಟ್ಟಿಯ ಕೆಳಗೆ ಕೇಳಿ. ಲೇಖನದ ಕಟ್ಟಕಡೆವರೆಗೆ ಬರುವವರು ಕಡಿಮೆ.

ಎಚ್ಚರಿಕೆ: ಫೇಸ್‌ಬುಕ್‌ನಲ್ಲಿ “ಒಪ್ಪುವುದಾದರೆ ಶೇರ್ ಮಾಡಿ”, “ಮೂವರು ಗೆಳೆಯರನ್ನು ಟ್ಯಾಗ್ ಮಾಡಿ” ಅಂತ ಬರೆಯಬೇಡಿ. ಇಂಥದ್ದನ್ನು ಅವರು ಎಂಗೇಜ್‌ಮೆಂಟ್ ಬೇಟ್ ಅನ್ನುತ್ತಾರೆ, ಅಂದರೆ ಲೈಕ್ ಶೇರ್‌ಗಾಗಿ ಹಾಕಿದ ಗಾಳ. ಹೀಗೆ ಬರೆದ ಪೋಸ್ಟ್‌ಗಳನ್ನು ಕಡಿಮೆ ಜನಕ್ಕೆ ತೋರಿಸುವುದಾಗಿ 2017ರ ಡಿಸೆಂಬರ್‌ನಲ್ಲೇ ಫೇಸ್‌ಬುಕ್ ಹೇಳಿದೆ. “ಶೇರ್ ಮಾಡಿದವರಲ್ಲಿ ಒಬ್ಬರಿಗೆ ರೀಚಾರ್ಜ್ ಉಚಿತ” ಅನ್ನುವುದೂ ಬೇಡ. ಬರುವವರು ರೀಚಾರ್ಜ್‌ಗೆ ಬರುತ್ತಾರೆ, ಓದಲು ಅಲ್ಲ.

ಹಂತ 7: ಒಂದೊಂದು ಜಾಗಕ್ಕೆ ಒಂದೊಂದು ರೀತಿ

ಫೇಸ್‌ಬುಕ್: ನೀವು ಹಾಕಿದ ಪೋಸ್ಟ್ “ಫ್ರೆಂಡ್ಸ್” ಸೆಟ್ಟಿಂಗ್‌ನಲ್ಲಿದ್ದರೆ ಯಾರು ಶೇರ್ ಮಾಡಿದರೂ ನಿಮ್ಮ ಗೆಳೆಯರಲ್ಲದವರಿಗೆ ಕಾಣುವುದಿಲ್ಲ. ಹೆಸರಿನ ಕೆಳಗೆ ಭೂಗೋಳದ ಚಿಹ್ನೆ ಇದೆಯಾ ನೋಡಿ, ಅದಿದ್ದರೆ ಪಬ್ಲಿಕ್. “ಯಾರೂ ಶೇರ್ ಮಾಡಲ್ಲ” ಅನ್ನುವ ಹಲವರ ಸಮಸ್ಯೆ ಈ ಒಂದು ಚಿಹ್ನೆಯಲ್ಲೇ ಬಗೆಹರಿಯುತ್ತದೆ. ಲಿಂಕನ್ನು ಮೊದಲ ಕಾಮೆಂಟಿನಲ್ಲಿ ಹಾಕುವ ಅಭ್ಯಾಸವೂ ಬಹಳ ಜನಕ್ಕಿದೆ. ಪೋಸ್ಟ್ ಶೇರ್ ಆದಾಗ ಆ ಕಾಮೆಂಟ್ ಜೊತೆಗೆ ಹೋಗುವುದಿಲ್ಲ, ನೆನಪಿರಲಿ.

ಇನ್‌ಸ್ಟಾಗ್ರಾಂ: ಪೋಸ್ಟ್ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ. ಪ್ರೊಫೈಲ್‌ನಲ್ಲಿ ಹಾಕಿ, ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ ಬಳಸಿ. ದಾಖಲೆಗಳ ಪಟ್ಟಿಯಂಥದ್ದನ್ನು ನಾಲ್ಕೈದು ಚಿತ್ರಗಳ ಸಾಲಾಗಿ ಮಾಡಿದರೆ ಜನ ಸೇವ್ ಮಾಡಿಕೊಳ್ಳುತ್ತಾರೆ, ಕಳಿಸುತ್ತಾರೆ.

ಎಕ್ಸ್ (ಹಿಂದಿನ ಟ್ವಿಟರ್): ಉಚಿತ ಖಾತೆಯ ಒಂದು ಪೋಸ್ಟ್‌ಗೆ 280 ಗುರುತುಗಳ ಮಿತಿ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. “ಸ್ತ್ರೀ” ಅನ್ನುವುದು ನಮಗೆ ಒಂದು ಅಕ್ಷರ, ಎಕ್ಸ್‌ನ ಲೆಕ್ಕದಲ್ಲಿ 6. ಲಿಂಕ್ ಎಷ್ಟೇ ಉದ್ದ ಇದ್ದರೂ 23.

ವಾಟ್ಸಾಪ್ ಗ್ರೂಪ್: ಇದ್ದಬದ್ದ ಗ್ರೂಪಿಗೆಲ್ಲ ಲಿಂಕ್ ಸುರಿಯಬೇಡಿ. ಅಡ್ಮಿನ್ ತೆಗೆದುಹಾಕುತ್ತಾರೆ, ಜನ ರಿಪೋರ್ಟ್ ಮಾಡಿದರೆ ನಂಬರ್ ಬ್ಯಾನ್ ಆಗಲೂಬಹುದು. ನಿಯಮಿತವಾಗಿ ಬರೆಯುವವರಿಗೆ ವಾಟ್ಸಾಪ್ ಚಾನೆಲ್ ಒಳ್ಳೆಯದು, ಬೇಕಾದವರು ತಾವೇ ಬಂದು ಸೇರುತ್ತಾರೆ, ಅವರ ನಂಬರ್ ಬೇರೆಯವರಿಗೆ ಕಾಣುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವವರು ಒಂದು ಗಮನಿಸಿ: ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ಹೊತ್ತಿನ ಬಗ್ಗೆ ಪವಾಡದ ಸೂತ್ರ ಇಲ್ಲ. ಆದರೆ ಹೊರದೇಶದ ಕನ್ನಡಿಗರೂ ಓದಬೇಕು ಅಂದರೆ ಇಲ್ಲಿನ ರಾತ್ರಿ 8 ಗಂಟೆ ಅನುಕೂಲ. ಆಗ ದುಬೈನಲ್ಲಿ ಸಂಜೆ 6:30, ಲಂಡನ್‌ನಲ್ಲಿ ಮಧ್ಯಾಹ್ನ, ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ. ಎಲ್ಲ ಕಡೆಯೂ ಜನ ಎಚ್ಚರ ಇರುತ್ತಾರೆ.

ಹಂತ 8: “ವಾಟ್ಸಾಪ್ ಕೃಪೆ”ಗೆ ತಯಾರಾಗಿ

ಚೆನ್ನಾಗಿರುವ ಬರಹದ ಗತಿ ಎಲ್ಲರಿಗೂ ಗೊತ್ತು. ಯಾರೋ ಪೂರ್ತಿ ಕಾಪಿ ಮಾಡಿ, ಹೆಸರು ಅಳಿಸಿ, ಕೆಳಗೆ “ಕೃಪೆ: ವಾಟ್ಸಾಪ್” ಅಂತ ಹಾಕುತ್ತಾರೆ. ಇದಕ್ಕೆ ಹೆದರಿ ತಾಣದಲ್ಲಿ ಕಾಪಿ ಆಗದಂತೆ ಬೀಗ ಹಾಕುವವರಿದ್ದಾರೆ. ನನ್ನ ಮಾತು ಕೇಳಿ, ತೆಗೆಯಿರಿ. ಕದಿಯುವವರು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಬೀಗದಿಂದ ತೊಂದರೆಯಾಗುವುದು ಒಂದು ಒಳ್ಳೆಯ ಸಾಲನ್ನು ಎತ್ತಿ, ಲಿಂಕ್ ಸಮೇತ ಕಳಿಸಬೇಕು ಅಂತಿದ್ದ ಸಜ್ಜನರಿಗೆ.

ಬದಲಿಗೆ ಹೀಗೆ ಮಾಡಿ. ನೀವೇ ಏಳೆಂಟು ಸಾಲಿನ ಸಾರಾಂಶ ಬರೆದು, ಕೊನೆಯ ಸಾಲಿನಲ್ಲಿ ಹೆಸರು ಮತ್ತು ಲಿಂಕ್ ಇಟ್ಟು, “ವಾಟ್ಸಾಪ್‌ಗೆ ಕಾಪಿ ಮಾಡಿಕೊಳ್ಳಿ” ಅಂತ ಪೆಟ್ಟಿಗೆಯಲ್ಲಿ ಕೊಡಿ. ಕಾಪಿ ಮಾಡುವವರಲ್ಲಿ ಹೆಚ್ಚಿನವರು ಕಳ್ಳರಲ್ಲ, ಸೋಮಾರಿಗಳು. ಸಿದ್ಧವಾಗಿದ್ದರೆ ಅದನ್ನೇ ಎತ್ತಿಕೊಳ್ಳುತ್ತಾರೆ. ಚಿತ್ರಗಳಲ್ಲಿ ತಾಣದ ಹೆಸರನ್ನು ಅಂಚಿನಲ್ಲಿ ಹಾಕದೆ ಬರಹದ ಹತ್ತಿರವೇ ಹಾಕಿ, ಕತ್ತರಿಸಲು ಕಷ್ಟವಾಗಲಿ.

ಹಂತ 9: ಬೇರೆಯವರ ಫೋನಿನಲ್ಲಿ ಪರೀಕ್ಷಿಸಿ

ಈಗ ಆ ಹಳೆಯ ಫೋನ್ ತೆಗೆಯಿರಿ. ಲಿಂಕ್ ಕಳಿಸಿ, ವೈಫೈ ಆಫ್ ಮಾಡಿ ತೆರೆಯಿರಿ. ಬೇಗ ತೆರೆಯಿತಾ? “ನಾಟ್ ಸೆಕ್ಯೂರ್” ಅಂತ ಬಂತಾ? ಬಂದರೆ ನಿಮ್ಮ ತಾಣಕ್ಕೆ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಇಲ್ಲ ಅಂತ ಅರ್ಥ. ಎಸ್‌ಎಸ್‌ಎಲ್ ಅಂದರೆ ಓದುಗರಿಗೂ ತಾಣಕ್ಕೂ ನಡುವಿನ ಸಂಪರ್ಕ ಸುರಕ್ಷಿತ ಅನ್ನುವ ದೃಢೀಕರಣ. ಹೋಸ್ಟಿಂಗ್‌ನವರನ್ನು, ಅಂದರೆ ನಿಮ್ಮ ತಾಣಕ್ಕೆ ನೆಟ್‌ನಲ್ಲಿ ಜಾಗ ಕೊಟ್ಟವರನ್ನು ಕೇಳಿ, ಈಗ ಉಚಿತವಾಗಿಯೇ ಸಿಗುತ್ತದೆ. ಜಾಹೀರಾತು ಎಷ್ಟು ಸಲ ಮುಚ್ಚಬೇಕಾಯಿತು ಅಂತಲೂ ಎಣಿಸಿ. ಅಮ್ಮನಿಗೆ ಸಹಾಯವಿಲ್ಲದೆ ಓದಲಾಗದ ಪುಟವನ್ನು ಯಾವ ಮಗಳೂ ಅಮ್ಮನಿಗೆ ಕಳಿಸುವುದಿಲ್ಲ.

ಹಂತ 10: ಲೆಕ್ಕ ನೋಡಿ, ಹಳೆಯದನ್ನು ಮತ್ತೆ ತೆಗೆಯಿರಿ

ತಾಣಕ್ಕೆ ಎಷ್ಟು ಜನ, ಎಲ್ಲಿಂದ ಬಂದರು ಅಂತ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ನೋಡಿ “ವಾಟ್ಸಾಪ್‌ನಿಂದ ಯಾರೂ ಬಂದಿಲ್ಲ” ಅಂತ ಬೇಸರ ಮಾಡಿಕೊಳ್ಳಬೇಡಿ. ಅಲ್ಲಿಂದ ಬಂದವರು ಸಾಮಾನ್ಯವಾಗಿ “ಡೈರೆಕ್ಟ್” ಅನ್ನುವ ಲೆಕ್ಕಕ್ಕೆ ಸೇರಿಬಿಡುತ್ತಾರೆ. ಹೀಗೆ ಕಣ್ಣಿಗೆ ಕಾಣದ ಶೇರ್‌ಗೆ “ಡಾರ್ಕ್ ಸೋಷಿಯಲ್” ಅನ್ನುತ್ತಾರೆ. ಬೇರ್ಪಡಿಸಿ ನೋಡಬೇಕಾದರೆ ವಾಟ್ಸಾಪ್ ಬಟನ್‌ನ ಲಿಂಕಿಗೆ ಮಾತ್ರ ಯುಟಿಎಂ ಗುರುತು ಸೇರಿಸಿ. ಅದು ಲಿಂಕಿನ ಬಾಲಕ್ಕೆ ಅಂಟಿಸುವ ಚೀಟಿ, ಯಾವ ಕಡೆಯಿಂದ ಬಂದರು ಅಂತ ತಿಳಿಸುತ್ತದೆ. ಗೂಗಲ್‌ನವರದೇ ಉಚಿತ ಯುಆರ್‌ಎಲ್ ಬಿಲ್ಡರ್ ಇದನ್ನು ಮಾಡಿಕೊಡುತ್ತದೆ.

ಯಾವ ಬರಹ ಜಾಸ್ತಿ ಓಡಾಡಿತು ಅಂತ ಗೊತ್ತಾದ ಮೇಲೆ ಅದರ ಕಾಲ ನೋಡಿಕೊಳ್ಳಿ. ಹಪ್ಪಳದ್ದು ಬೇಸಿಗೆಗೆ, ಅಡಿಕೆಗೆ ಮದ್ದು ಹೊಡೆಯುವುದು ಮುಂಗಾರಿಗೆ, ನವೆಂಬರ್ 1ರ ಲೇಖನ ಅಕ್ಟೋಬರ್ ಕೊನೆಗೆ. ಮತ್ತೆ ಹಂಚುವ ಮೊದಲು ಶುಲ್ಕ, ನಿಯಮ ಬದಲಾಗಿದೆಯಾ ಅಂತ ನೋಡಿ ತಿದ್ದಿ, ದಿನಾಂಕ ಬದಲಿಸಿ. ಹೊಸ ಪುಟ ಮಾತ್ರ ಮಾಡಬೇಡಿ. ಹಳೆಯ ಲಿಂಕಿನಲ್ಲೇ ತಿದ್ದಿದರೆ ಹೋದ ವರ್ಷ ಯಾರೋ ಗ್ರೂಪಿಗೆ ಹಾಕಿದ್ದನ್ನು ಇವತ್ತು ಹುಡುಕಿ ತೆರೆದವರಿಗೂ ಸರಿಯಾದ ಮಾಹಿತಿಯೇ ಸಿಗುತ್ತದೆ.